ಸಾಹುಕಾರನ ಜುಟ್ಟು

ಭಾಗ್ಯನಗರ, ಕೊಪ್ಪಳ
9 ಜುಲೈ 2024

ಸುಕನ್ಯಾ,

ನೀನು ಕುಷ್ಟಗಿಯ ಹಾಸ್ಟೆಲ್ಲಿಗೆ ಹೋಗಿ ಇವತ್ತಿಗೆ ಇಪ್ಪತ್ತೆಂಟು ದಿನ. ಎರಡು ಭಾನುವಾರ ಅಲ್ಲಿಯ ನಂಬರಿಗೆ ಫೋನ್ ಮಾಡಿದೆ. ಎರಡೂ ಸಲ ವಾರ್ಡನ್ ಬಾಯಿ, "ನಿಮ್ಮ ಹುಡುಗಿ ಬರಂಗಿಲ್ಲ ಅಂತಾಳ್ರಿ, ಓದಾಕತ್ತಾಳಂತ" ಎಂದರು. ಪಿಯುಸಿ ಸೇರಿ ಒಂದು ತಿಂಗಳಿಗೇ ಅಷ್ಟೊಂದು ಓದು ಇದ್ದರೆ ಒಳ್ಳೆಯದೇ. ಫೋನಿಗೆ ಬರದವಳು ಪತ್ರವನ್ನಾದರೂ ಒಡೆಯುತ್ತೀಯ ಎಂದುಕೊಂಡು ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲ ಹಾಗೇ ಇದೆ. ನಡುಮನೆಯಲ್ಲಿ ಕೂದಲಿನ ರಾಶಿ, ರಾಶಿಯ ಪಕ್ಕದಲ್ಲಿ ನಾನು. ಈ ವಾರ ಬಂದ ಮಾಲು ಬರೀ ಸಿಕ್ಕು. ಯಾವ್ಯಾವ ಊರಿನ ಹೆಂಗಸರ ಬಾಚಣಿಕೆಯಿಂದ ಬಂದದ್ದೋ ಏನೋ, ಸೂಜಿ ಹಾಕಿ ಬಿಡಿಸಿ, ಮುಳ್ಳುಹಲಗೆಯ ಮೇಲೆ ಬಾಚಿ, ವಿಗ್ ಮಾಡುವವರಿಗೆ ಇಂಚಿನ ಪ್ರಕಾರ ಕಟ್ಟು ಕಟ್ಟುವಷ್ಟರಲ್ಲಿ ದಿನ ಮುಗಿದಿರುತ್ತದೆ.

ನಿನ್ನ ಗಿಣಿ ಸಾಹುಕಾರನ ವಿಷಯ ಹೇಳಬೇಕು. ಚೆನ್ನಾಗಿದ್ದಾನೆ. ಹೋದ ವಾರ ಎಂದಿನಂತೆ ಪಂಜರದಿಂದ ಹಾರಿ ಬಂದು ಕೂದಲಿನ ರಾಶಿಯ ಮೇಲೆ ಕುಳಿತ. ಕಾಲಿಗೆ ಒಂದು ಎಳೆ ಸುತ್ತಿಕೊಂಡಿತು. ನಾನು ನೋಡಿದ್ದು ಮರುದಿನ. ಅಷ್ಟರಲ್ಲಿ ಬೆರಳು ಬಾತು ನೇರಳೆ ಹಣ್ಣಿನ ಬಣ್ಣಕ್ಕೆ ಬಂದಿತ್ತು. ನಮ್ಮ ಓಣಿಯಲ್ಲಿ ಪಾರಿವಾಳ ಸಾಕುತ್ತಾನಲ್ಲ ರಾಜಾಸಾಬ, ಅವನನ್ನು ಕರೆಸಿದೆ. ಎಳೆ ಬಿಡಿಸಿದ, ಉಗುರು ಕತ್ತರಿಸಿದ, ಇನ್ನು ಮುಂದೆ ರಾಶಿಯ ಮೇಲೆ ಹಾರದಿರಲಿ ಎಂದು ರೆಕ್ಕೆಯ ಗರಿಗಳನ್ನೂ ಕತ್ತರಿಸಿದ. "ನಾಕು ಗರಿ ಸಾಕ್ರಿ ಅಕ್ಕಾ" ಎಂದ. "ಪೂರಾ ಕತ್ತರಸಪಾ, ಬೆಳೀತಾವ" ಎಂದೆ ನಾನು.

ಒಂದು ತಿಂಗಳಲ್ಲಿ ಬೆಳೆಯುತ್ತವೆ. ನೀನು ದಸರಾ ರಜೆಗೆ ಬರುವಷ್ಟರಲ್ಲಿ ಮೊದಲಿನ ಹಾಗಾಗಿರುತ್ತಾನೆ. ಹೊಟ್ಟೆ ತುಂಬ ಊಟ ಮಾಡು.

ನಿನ್ನ ಅವ್ವ,
ಮಲ್ಲೇಶ್ವರಿ


ಕುಷ್ಟಗಿ
18 ಜುಲೈ 2024

ಅವ್ವ,

ಫೋನಿಗೆ ಬರದಿದ್ದದ್ದು ಓದಿನಿಂದ ಅಲ್ಲ. ವಾರ್ಡನ್ ಬಾಯಿಯ ಕೋಣೆಯಲ್ಲಿ ಹುಡುಗಿಯರು ಸಾಲಾಗಿ ನಿಂತಿರುತ್ತಾರೆ, ಒಬ್ಬೊಬ್ಬರಿಗೆ ಐದು ನಿಮಿಷ. ಅಲ್ಲಿ ನಿಂತು "ಊಟ ಆಯಿತು" ಎನ್ನುವುದಕ್ಕಿಂತ ಹೆಚ್ಚಿಗೆ ಏನೂ ಹೇಳಲಾಗುವುದಿಲ್ಲ. ಊಟ ಆಯಿತು.

ಸಾಹುಕಾರ ಚೆನ್ನಾಗಿದ್ದಾನೆ ಎಂದು ಬರೆದಿದ್ದೀಯ. ಚೆನ್ನಾಗಿದ್ದವನ ಬಗ್ಗೆ ನೀನು ಇಷ್ಟುದ್ದ ಬರೆಯುವವಳಲ್ಲ. ನನಗೆ ನಾಲ್ಕು ಮಾತಿಗೆ ಉತ್ತರ ಬೇಕು. ಕತ್ತರಿಸಿದ್ದು ಒಂದು ರೆಕ್ಕೆಯೋ ಎರಡೋ? ಕೈಯಿಂದ ತಿನ್ನುತ್ತಾನೋ ಇಲ್ಲವೋ? ಜುಟ್ಟು ಏಳುತ್ತದೋ? ಕತ್ತರಿಸುವಾಗ ಅವನನ್ನು ಹಿಡಿದುಕೊಂಡವರು ಯಾರು?

ಅಪ್ಪ ಅವನನ್ನು ಗಂಗಾವತಿಯಿಂದ ತಂದ ದಿನ ಹೇಳಿದ್ದು ನಿನಗೂ ನೆನಪಿರಬೇಕು. "ಎಲ್ಲಾ ಗಿಣಿ ಮಾತಾಡ್ತಾವ, ಈ ಜುಟ್ಟಿನ ಗಿಣಿ ಮಾತಾಡಂಗಿಲ್ಲ. ಇವನ ಬಾಯಿ ನೋಡಬ್ಯಾಡ್ರಿ, ಜುಟ್ಟು ನೋಡ್ರಿ. ಸಿಟ್ಟು, ಖುಷಿ, ಅಂಜಿಕಿ ಎಲ್ಲಾ ಅಲ್ಲೇ ಐತಿ." ಇದ್ದುದರಲ್ಲಿ ದೊಡ್ಡ ಕಾಳನ್ನೇ ಆರಿಸಿಕೊಂಡು ಉಳಿದದ್ದನ್ನು ಚೆಲ್ಲುತ್ತಾನೆ ಎಂದು ಸಾಹುಕಾರ ಎಂದು ಹೆಸರಿಟ್ಟದ್ದೂ ಅಪ್ಪನೇ.

ಉತ್ತರ ಬರೆ.

ಸುಕನ್ಯಾ


ಭಾಗ್ಯನಗರ
6 ಆಗಸ್ಟ್ 2024

ಸುಕನ್ಯಾ,

ನೀನು ಕೇಳಿದ್ದಕ್ಕೆ ಉತ್ತರ. ಎರಡೂ ರೆಕ್ಕೆ. ಕೈಯಿಂದ ತಿನ್ನುವುದಿಲ್ಲ. ಜುಟ್ಟು ಏಳುವುದಿಲ್ಲ.

ಕತ್ತರಿಸಿದ ದಿನ ಸಂಜೆ ಅಭ್ಯಾಸಬಲದಿಂದ ಅಲಮಾರಿನ ಮೇಲಿಂದ ಹಾರಲು ಹೋಗಿ ಒದ್ದೆ ಬಟ್ಟೆ ಬಿದ್ದ ಹಾಗೆ ನೆಲಕ್ಕೆ ಬಿದ್ದ. ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದ. ಆಮೇಲೆ ನಡೆದುಕೊಂಡು ಹೋಗಿ ತಾನೇ ಪಂಜರದೊಳಗೆ ಸೇರಿಕೊಂಡ. ಅವತ್ತಿನಿಂದ ಬಾಗಿಲು ತೆಗೆದಿಟ್ಟರೂ ಹೊರಗೆ ಬಂದಿಲ್ಲ. ಹಿಂದಿನ ಮೂಲೆಯಲ್ಲಿ, ಕೋಲಿನ ಮೇಲೂ ಅಲ್ಲ, ತಳದಲ್ಲಿ ಕುಳಿತಿರುತ್ತಾನೆ. ಕೈ ಹತ್ತಿರ ಒಯ್ದರೆ ಬುಸ್ ಎಂದು ಕಂಬಿಗೆ ಒತ್ತಿಕೊಳ್ಳುತ್ತಾನೆ. ನಾನು ಎದ್ದು ಹೋದ ಮೇಲೆ ನಾಲ್ಕು ಕಾಳು ತಿನ್ನುತ್ತಾನೆ. ಎದೆಯ ಪುಕ್ಕವನ್ನು ತಾನೇ ಕಿತ್ತುಕೊಳ್ಳುತ್ತಾನೆ, ಬೆಳಗ್ಗೆ ಕಸ ಹೊಡೆಯುವಾಗ ಸಿಗುತ್ತದೆ.

ಸಿಳ್ಳೆಯೂ ಇಲ್ಲ. ನಿಮ್ಮಪ್ಪ ತೀರಿಕೊಂಡು ಎರಡು ವರ್ಷವಾದರೂ, ಅವರ ಗಾಡಿ ಬರುವ ಹೊತ್ತು ಎಂದು ಸಂಜೆ ಆರಕ್ಕೆ ಸಿಳ್ಳೆ ಹಾಕುತ್ತಲೇ ಇದ್ದನಲ್ಲ, ಅದು ನಿಂತಿದೆ. ಮನೆಯಲ್ಲಿ ಸದ್ದಿಲ್ಲ. ಸದ್ದಿಲ್ಲದ್ದು ನನಗೆ ಏನೂ ಅನಿಸಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಇನ್ನೊಂದು ವಿಷಯ. ಒಂದು ತಿಂಗಳಲ್ಲಿ ಬೆಳೆಯುತ್ತವೆ ಎಂದು ಬರೆದಿದ್ದೆ. ದಿನಾ ಬೆಳಗ್ಗೆ ಅಳತೆಪಟ್ಟಿ ಹಿಡಿದು ಕಂಬಿಯ ಹೊರಗಿನಿಂದ ನೋಡಿದೆ. ಕೂದಲು ತಿಂಗಳಿಗೆ ಅರ್ಧ ಇಂಚು ಬೆಳೆಯುತ್ತದೆ, ಅದು ನನಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ತಿಂಗಳಾಯಿತು, ಗರಿ ಎಳ್ಳಷ್ಟೂ ಬೆಳೆಯಲಿಲ್ಲ. ರಾಜಾಸಾಬನನ್ನು ಕರೆದು ಕೇಳಿದೆ.

"ಗರಿ ಅಂದ್ರ ಕೂದಲ ಏನ್ರಿ ಅಕ್ಕಾ? ಕತ್ತರಿಸಿದ್ದು ಬೆಳ್ಯಂಗಿಲ್ರಿ. ಆ ಮೋಟು ತಾನಾ ಉದುರಬೇಕು, ಅದರ ಜಾಗಾದಾಗ ಹೊಸಾದು ಹುಟ್ಟಬೇಕು. ಆರು ತಿಂಗಳೂ ಆದೀತು, ವರ್ಷಾನೂ ಆದೀತು."

"ಅವತ್ತ ಯಾಕ ಹೇಳಲಿಲ್ಲಪಾ?"

"ನಾಕು ಸಾಕು ಅಂದ್ನೆಲ್ರಿ. ನೀವು ಕತ್ತರಿ ಹಿಡದು ಹದಿನೆಂಟು ವರ್ಷಾದವ್ರು, ನಿಮಗ ನಾ ಏನ್ ಹೇಳ್ಲಿ ಅಂತ ಸುಮ್ಮನಾದೆ."

ಅವನದೇನೂ ತಪ್ಪಿಲ್ಲ. ಹದಿನೆಂಟು ವರ್ಷ ಕೂದಲಿನಲ್ಲಿ ಕೈಯಾಡಿಸಿದವಳಿಗೆ ಕತ್ತರಿಸಿದ್ದೆಲ್ಲ ಬೆಳೆಯುತ್ತದೆ ಎಂಬ ಧೈರ್ಯ. ಅದು ನನ್ನ ತಪ್ಪು.

ಅವ್ವ


ಕುಷ್ಟಗಿ
14 ಆಗಸ್ಟ್ 2024

ಅವ್ವ,

ನಾನು ಕೇಳಿದ್ದು ನಾಲ್ಕು. ನೀನು ಬರೆದದ್ದು ಮೂರು. ಹಿಡಿದುಕೊಂಡವರು ಯಾರು?

"ಬೆಳೀತಾವ" ಎಂಬ ಮಾತನ್ನು ನೀನು ಸಾಹುಕಾರನಿಗೆ ಮೊದಲು ಹೇಳಿದ್ದಲ್ಲ. ಜೂನ್ ಹತ್ತರ ಸಂಜೆ ನನಗೆ ಹೇಳಿದೆ. ನೀನು ನನ್ನ ಹಿಂದೆ ಕುಳಿತಿದ್ದೆ, ಹಾಸ್ಟೆಲ್ಲಿಗೆ ಹೋಗುವ ಮುಂಚೆ ಎಣ್ಣೆ ಹಚ್ಚಿ ಜಡೆ ಹೆಣೆಯುತ್ತೀಯ ಎಂದುಕೊಂಡು ಸುಮ್ಮನೆ ತಲೆ ಕೊಟ್ಟಿದ್ದೆ. "ಅಲ್ಲೆ ನೀರಿರಂಗಿಲ್ಲ, ಹೇನಾಗ್ತಾವ" ಎಂದೆ ನೀನು. ನಾನು ಬೇಡ ಅನ್ನುವಷ್ಟರಲ್ಲಿ ಜಡೆ ನಿನ್ನ ಕೈಯಲ್ಲಿತ್ತು. "ಕೂದಲಲ್ಲೇನ, ಬೆಳೀತೈತಿ" ಎಂದೆ. ಆಮೇಲೆ ಕತ್ತರಿ ಒರೆಸಿ ಅದರ ಜಾಗದಲ್ಲಿ ಇಟ್ಟೆ. ನಿನ್ನ ಮುಖ ನೋಡಿದೆ ಅವ್ವ. ಅಲ್ಲಿ ಏನೂ ಇರಲಿಲ್ಲ.

ಹಳ್ಳಿಹಳ್ಳಿ ತಿರುಗಿ ಲೋಕದ ಕೂದಲನ್ನೆಲ್ಲ ಗಾಡಿಯಲ್ಲಿ ಹೇರಿಕೊಂಡು ಬರುತ್ತಿದ್ದ ಅಪ್ಪ, ನನ್ನ ಜಡೆ ಹಿಡಿದು "ಇದಕ್ಕ ಮಾತ್ರ ರೇಟಿಲ್ಲ" ಎನ್ನುತ್ತಿದ್ದ. ಆ ಜಡೆ ಈಗ ಎಲ್ಲಿದೆ?

ದಸರಾ ರಜೆಗೆ ಮನೆಗೆ ಬರುವುದಿಲ್ಲ. ಅತ್ತೆಯ ಊರಿಗೆ, ಮಂಗಳೂರಿಗೆ ಹೋಗುತ್ತೇನೆ. ದಾವಣಗೆರೆಯಿಂದ ಬಂದ ಹುಡುಗಿಯೊಬ್ಬಳು ಸಮುದ್ರದ ಕಪ್ಪೆಚಿಪ್ಪು ತಂದುಕೊಡು ಎಂದಿದ್ದಾಳೆ. ಯಲಬುರ್ಗಾದ ಮಂಗಳೂರಿನಲ್ಲಿ ಸಿಗುವುದು ನವಣೆ, ಸಜ್ಜೆ ಎಂದು ಹೇಳಿದರೆ ನಂಬಲಿಲ್ಲ.

ಸುಕನ್ಯಾ


ಭಾಗ್ಯನಗರ
29 ಸೆಪ್ಟೆಂಬರ್ 2024

ಸುಕನ್ಯಾ,

ಒಂದೂವರೆ ತಿಂಗಳು ಬರೆಯಲಿಲ್ಲ. ಎರಡು ಸಲ ಬರೆದು ಒಲೆಗೆ ಹಾಕಿದೆ.

ಸಾಹುಕಾರನನ್ನು ಹಿಡಿದುಕೊಂಡವಳು ನಾನು. ನಿನ್ನ ಚೂಡಿದಾರದ ಹಸಿರು ಓಡ್ನಿಯಲ್ಲಿ ಹಿಡಿದೆ. ನೀನು ಓದುವಾಗ ಅವನು ಅದರ ಮಡಿಕೆಯಲ್ಲಿ ಹೊಕ್ಕು ನಿದ್ದೆ ಮಾಡುತ್ತಿದ್ದನಲ್ಲ, ಅದೇ. ನಿನ್ನ ವಾಸನೆ ಇದೆ, ನೀನೇ ಹಿಡಿದಿದ್ದೀಯ ಎಂದುಕೊಂಡು ಅಂಜುವುದಿಲ್ಲ ಎಂದು ನನ್ನ ಬುದ್ಧಿ. ಓಡ್ನಿ ಕಂಡ ಕೂಡಲೇ ತಾನೇ ನಡೆದು ಬಂದ. ಬಂದವನನ್ನು ಸುತ್ತಿ ಒತ್ತಿ ಹಿಡಿದೆ. ರಾಜಾಸಾಬ ಕತ್ತರಿಸಿ ಮುಗಿಸುವ ತನಕ ಒದರಿದ, ಆಮೇಲೆ ಒದರುವುದನ್ನೂ ಬಿಟ್ಟ. ಈಗ ಹಸಿರು ಕಂಡರೆ ಆಗುವುದಿಲ್ಲ. ಮೊನ್ನೆ ಪಕ್ಕದ ಮನೆಯ ಶಮೀನಾ ಹಸಿರು ಸೀರೆ ಉಟ್ಟು ಬಾಗಿಲಲ್ಲಿ ನಿಂತಳು. ಪಂಜರದೊಳಗೇ ಬಡಿದಾಡಿ ಮೂಗಿಗೆ ಗಾಯ ಮಾಡಿಕೊಂಡ.

ಹೋದ ಸೋಮವಾರ ಗಂಗಾವತಿಗೆ ಹೋಗಿ ಬಂದೆ. ನಿಮ್ಮಪ್ಪ ಅವನನ್ನು ಕೊಂಡ ಅಂಗಡಿ ಇನ್ನೂ ಇದೆ. ಶಹನಾಜಬೇಗಂ ಎಂಬ ಹೆಂಗಸು ನಡೆಸುತ್ತಾಳೆ. ಇಡೀ ಅಂಗಡಿ ಚಿಲಿಪಿಲಿ ಎನ್ನುತ್ತಿರುವಾಗ ಅವಳೊಬ್ಬಳೇ ತಣ್ಣಗೆ ಚಹಾ ಕುಡಿಯುತ್ತ ಕುಳಿತಿದ್ದಳು. ನಡೆದದ್ದು ಹೇಳಿದೆ.

"ಏನ್ ಹಾಕಿ ಹಿಡಿದ್ರಿ?" ಎಂದಳು.

"ಓಡ್ನಿ."

"ಯಾರದು?"

"ಮಗಳದು. ಅದಂದ್ರ ಅವಂಗ ಭಾಳ ಜೀವ."

ಅವಳು ಚಹಾದ ಲೋಟ ಕೆಳಗಿಟ್ಟಳು. "ಹಳೇ ಟವೆಲ್ ಹಾಕಿ ಹಿಡೀಬೇಕಿತ್ರೀ ಬಾಯಿ. ಟವೆಲ್ ದುಶ್ಮನ್ ಆದ್ರ ಆಗ್ಲಿ ಬಿಡ್ರಿ. ಜೀವ ಇಟ್ಟಿದ್ದ ಬಟ್ಟಿಯಿಂದಾನ ಅಮುಕಿದ್ರ, ಅದು ಇನ್ನ ಯಾರನ್ನ ನಂಬಬೇಕು?"

ಔಷಧ ಕೊಡು ಎಂದೆ. ಇದಕ್ಕೆ ಔಷಧವಿಲ್ಲ ಎಂದಳು. "ದಿನಾ ಅದರ ಮುಂದ ಹೋಗಿ ಕುಂದರ್ರಿ. ಕೈಯಾಗ ಏನೂ ಇರಬಾರ್ದು. ದಿಟ್ಟಿಸಿ ನೋಡಬ್ಯಾಡ್ರಿ, ಕರೀಬ್ಯಾಡ್ರಿ. ಬಾಗಲಾ ತಗದಿಡ್ರಿ. ನೀವು ಮುಟ್ಟಬ್ಯಾಡ್ರಿ, ತಾನಾ ಬರಲಿ. ಆ ಓಡ್ನಿ ಅದು ಅಂಜಲಾರದಷ್ಟು ದೂರ ಇಡ್ರಿ. ವಾರಕ್ಕ ಒಂದು ಗೇಣು ಹತ್ರ ತರ್ರಿ. ಅಂಜಿತಂದ್ರ ಹಿಂದ ಸರಸ್ರಿ. ನವಣಿ ತೆನಿ ಸಿಕ್ರ ಒಂದೊಂದು ಕಟ್ರಿ, ಈ ಜಾತಿಗೆ ನವಣಿ ಅಂದ್ರ ಪ್ರಾಣ."

"ಎಷ್ಟ್ ದಿನಾ ಹಿಡೀತೈತ್ರಿ?"

"ಹಕ್ಕಿ ಕ್ಯಾಲೆಂಡರ್ ನೋಡಂಗಿಲ್ರೀ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಬಸ್ಸಿನ ತುಂಬ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಜಡೆಯ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಇವತ್ತಿಗೆ ಇಷ್ಟೇ ನನ್ನ ಕೈಲಾದದ್ದು.

ಅವ್ವ


ಮಂಗಳೂರು, ಯಲಬುರ್ಗಾ
15 ಅಕ್ಟೋಬರ್ 2024

ಅವ್ವ,

ಕೊಪ್ಪಳದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನವಣೆಯ ತೆನೆ ಕಳಿಸಿದ್ದೇನೆ. ಅನ್ನಮ್ಮತ್ತೆಯ ಹೊಲದವು. ಒಣಗಿದವನ್ನೇ ಆರಿಸಿದ್ದೇನೆ, ಬೂಸಲು ಹಿಡಿಯದಂತೆ ತೂಗುಹಾಕು.

ಅತ್ತೆ ದಿನಾ ಬೆಳಗ್ಗೆ ನನ್ನನ್ನು ಅಂಗಳದಲ್ಲಿ ಕೂಡಿಸಿಕೊಂಡು ಮೋಟುಗೂದಲಿಗೆ ಎಣ್ಣೆ ತಿಕ್ಕುತ್ತಾಳೆ. "ನಿಮ್ಮವ್ವಗ ಏನಾಗಿತ್ತವಾ" ಎಂದು ಕೇಳುತ್ತಾಳೆ. ಅವಳ ಕೈ ತಲೆಯ ಮೇಲಿರುತ್ತದೆ. ಅದು ಬೇರೆ ಯಾರದೋ ತಲೆ ಎನ್ನುವ ಹಾಗೆ ಕುಳಿತಿರುತ್ತೇನೆ.

ನನ್ನ ಓಡ್ನಿಯಲ್ಲೇ ಹಿಡಿಯಬೇಕಿತ್ತೇ? ಅವನಿಗೆ ನಾನು ಎಂದರೆ ಈಗ ಅದೇ ಅಲ್ಲವೇ? ನಾನು ಮನೆಗೆ ಬಂದು ನಿಂತಾಗ ನನ್ನನ್ನು ಕಂಡೂ ಹಾಗೇ ಬಡಿದಾಡಿದರೆ ನಾನು ಎಲ್ಲಿಗೆ ಹೋಗಲಿ? ಆ ಮನೆಯಲ್ಲಿ ನನ್ನನ್ನು ಕಂಡರೆ ಖುಷಿಪಡುತ್ತಿದ್ದವನು ಅವನೊಬ್ಬನೇ. ಈ ಮಾತನ್ನು ಬರೆದು ಹೊಡೆದುಹಾಕಬೇಕು ಎಂದುಕೊಂಡೆ. ಹೊಡೆದುಹಾಕುವುದಿಲ್ಲ.

ಜಡೆ ಎಲ್ಲಿದೆ?

ಸುಕನ್ಯಾ


ಭಾಗ್ಯನಗರ
10 ನವೆಂಬರ್ 2024

ಸುಕನ್ಯಾ,

ನವಣೆ ತೆನೆ ಮುಟ್ಟಿದವು. ಎರಡು ತೆನೆ ಕಂಡಕ್ಟರ್ ತಾನೇ ಇಟ್ಟುಕೊಂಡನಂತೆ, ಅವನ ಮನೆಗೂ ಗುಬ್ಬಿ ಬರುತ್ತವಂತೆ. ಇರಲಿ.

ದಿನಾ ಮಧ್ಯಾಹ್ನ ಊಟವಾದ ಮೇಲೆ ಸಾಹುಕಾರನ ಮುಂದೆ ಕುಳಿತುಕೊಳ್ಳುತ್ತೇನೆ. ಬರಿಗೈಯಲ್ಲಿ ಕುಳಿತುಕೊಳ್ಳಲು ನನಗೆ ಬರುವುದಿಲ್ಲ ಎಂಬುದು ನನಗೇ ಗೊತ್ತಿರಲಿಲ್ಲ. ಮೊದಲ ದಿನ ನನ್ನ ಬೆರಳು ತಮ್ಮಷ್ಟಕ್ಕೆ ತಾವೇ ಸೆರಗಿನ ಅಂಚಿನ ದಾರ ಬಿಡಿಸುತ್ತಿದ್ದವು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ಶಮೀನಾ ಇಣುಕಿ ನೋಡಿ, "ಯಾಕ್ರೀ ಭಾಬಿ, ಮಾಸ್ತರ ಹೊಡೀತಾನಂತ ಕೈ ಮುಚ್ಚಿಟ್ಟೀರೇನು?" ಎಂದು ನಕ್ಕಳು.

ನಿಮ್ಮಪ್ಪನ ಮಣ್ಣು ಮಾಡಿದ ಮೂರನೆಯ ದಿನಕ್ಕೇ ನಾನು ಸೂಜಿ ಹಿಡಿದು ಕುಳಿತೆ. ಓಣಿಯವರೆಲ್ಲ ಗಟ್ಟಿಗಿತ್ತಿ ಎಂದರು. ಗಟ್ಟಿತನವಲ್ಲ ಅದು. ನನಗೆ ಏನೂ ಅನಿಸುತ್ತಿರಲಿಲ್ಲ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಉಂಡರೂ ತಿಳಿಯುತ್ತಿರಲಿಲ್ಲ, ನೀನೇ ಹೇಳಬೇಕಾಗುತ್ತಿತ್ತು. ಎರಡು ವರ್ಷ ಹಾಗೇ ಇದ್ದೆ. ಕೈ ಕೆಲಸ ಮಾಡುತ್ತಿತ್ತು, ನಾನು ಎಲ್ಲೋ ಇದ್ದೆ.

ಜಡೆಯನ್ನು ಚೀಲಕ್ಕೆ ಹಾಕಿದೆ. ಸಿಟ್ಟಿನಿಂದಲ್ಲ, ದುಡ್ಡಿನ ಆಸೆಯಿಂದಲೂ ಅಲ್ಲ. ಕೈಯಲ್ಲಿ ಇಪ್ಪತ್ತೆಂಟು ಇಂಚಿನ ಕೂದಲಿತ್ತು. ಪಕ್ಕದಲ್ಲಿ ಇಪ್ಪತ್ತೆಂಟು ಇಂಚಿನ ಮಾಲು ತುಂಬುವ ಚೀಲ ಬಾಯಿ ತೆರೆದಿತ್ತು. ಕೈ ತನ್ನ ಕೆಲಸ ಮಾಡಿತು. ಮರುದಿನ ನೀನು ಬಸ್ಸು ಹತ್ತಿದ ಮೇಲೆ ಮಾಲಿನವರು ಬಂದು ಚೀಲ ಒಯ್ದರು. ನಾನು ಏನು ಮಾಡಿದೆ ಎಂಬುದು ನನಗೆ ಹೊಳೆದದ್ದು ನಿನ್ನ ಆಗಸ್ಟಿನ ಪತ್ರ ಓದಿದಾಗ.

ಇಟ್ಟಿದ್ದೇನೆ ಎಂದು ಬರೆಯಬಹುದಿತ್ತು. ಈ ಮನೆಯಲ್ಲಿ ಅಂಥ ಜಡೆಗೆ ಬರವಿಲ್ಲ, ಯಾರದೋ ಒಂದನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿದ್ದರೆ ನಿನಗೆ ಗೊತ್ತಾಗುತ್ತಿರಲಿಲ್ಲ. ಬೇಡ ಎನಿಸಿತು.

ಓಡ್ನಿ ಈಗ ಹೊಸ್ತಿಲ ಹತ್ತಿರ ಇದೆ, ಪಂಜರದಿಂದ ಐದು ಮೊಳ. ಮೊನ್ನೆ ನಾನು ನೋಡದ ಹಾಗೆ ನಟಿಸುತ್ತಿದ್ದಾಗ ತೆನೆಗೆ ಬಾಯಿ ಹಾಕಿದ. ಮುಂಚಿನ ಹಾಗೆ ದೊಡ್ಡ ಕಾಳು ಆರಿಸಲಿಲ್ಲ. ಸಿಕ್ಕದ್ದನ್ನು ತಿಂದ.

ಅವ್ವ


ಭಾಗ್ಯನಗರ
11 ಡಿಸೆಂಬರ್ 2024

ಸುಕನ್ಯಾ,

ನಿನ್ನಿಂದ ಪತ್ರ ಬರಲಿಲ್ಲ. ಬರೆಯಲೇಬೇಕು ಎಂದೇನೂ ಇಲ್ಲ.

ಇದರ ಜೊತೆ ಕಾಗದದಲ್ಲಿ ಸುತ್ತಿ ಇಟ್ಟದ್ದು ಸಾಹುಕಾರನ ಎಡ ರೆಕ್ಕೆಯ ಮೋಟುಗರಿ. ನಿನ್ನೆ ಪಂಜರದ ತಳದಲ್ಲಿ ಬಿದ್ದಿತ್ತು. ನಾನು ಕಿತ್ತಿಲ್ಲ, ತಾನಾಗಿ ಉದುರಿದ್ದು. ನಾನು ಕತ್ತರಿಸಲು ಹೇಳಿದ ತುದಿ ಹೇಗೆ ಚೌಕಾಗಿ ಕಾಣುತ್ತದೆ ನೋಡು.

ಅದರ ಜಾಗದಲ್ಲಿ ನೀಲಿ ಮೊಳೆಯಂಥದ್ದು ಎದ್ದಿದೆ. ಹೊಸ ಗರಿ ಪೊರೆಯೊಳಗೆ ಇರುವ ತನಕ ಅದರಲ್ಲಿ ರಕ್ತ ಹರಿಯುತ್ತಿರುತ್ತದಂತೆ, ಪೆಟ್ಟಾದರೆ ಸುರಿದುಹೋಗುತ್ತದಂತೆ. "ಈಗ ಜರ ಜ್ವಾಕಿ ಅಕ್ಕಾ, ಸುತ್ತ ಹಳೇ ಗರಿ ಇಲ್ಲಲ್ರಿ, ಅದಕ್ಕ ಆಸರಾ ಇಲ್ಲ" ಎಂದು ರಾಜಾಸಾಬ ಹೇಳಿಹೋದ. ಹೇಳುವಾಗ ಅವನು ಬಾಗಿಲಿನ ಹೊರಗೇ ನಿಂತಿದ್ದ. ತನ್ನ ಮುಖ ಕಂಡು ಸಾಹುಕಾರ ಅಂಜುತ್ತಾನೆ ಎಂದು ಒಳಗೆ ಬರಲಿಲ್ಲ.

ಪಂಜರದ ಪಕ್ಕದಲ್ಲಿದ್ದ ಕೂದಲಿನ ರಾಶಿಯನ್ನು ಹಿತ್ತಲಿನ ಕೋಣೆಗೆ ಸಾಗಿಸಿದೆ. ಇದನ್ನು ಜುಲೈನಲ್ಲೇ ಮಾಡಬಹುದಿತ್ತು. ರಾಶಿ ಸರಿಸಿದ್ದರೆ ರೆಕ್ಕೆ ಕತ್ತರಿಸುವ ಕೆಲಸವೇ ಇರಲಿಲ್ಲ. ಹೊಳೆಯಲೇ ಇಲ್ಲ ನೋಡು.

ಅವ್ವ


ಕುಷ್ಟಗಿ
19 ಜನವರಿ 2025

ಅವ್ವ,

ಚೀಲದ ವಿಷಯ ಓದಿ ಎರಡು ತಿಂಗಳು ಏನೂ ಬರೆಯಲಾಗಲಿಲ್ಲ. ಸಿಟ್ಟು ಬಂದಿದ್ದರೆ ಬರೆಯುತ್ತಿದ್ದೆ. ಬರಲೇ ಇಲ್ಲ. ಪತ್ರ ಮಡಚಿ ಪೆಟ್ಟಿಗೆಯಲ್ಲಿಟ್ಟು ರಸಾಯನಶಾಸ್ತ್ರ ಓದಿದೆ. ಅದರಿಂದಲೇ ಭಯವಾಯಿತು. ನಾನೂ ನಿನ್ನ ಹಾಗೆ ಆಗುತ್ತಿದ್ದೇನೋ ಎಂದು.

ಆಮೇಲೆ ಮೋಟುಗರಿ ಬಂತು. ಊಟದ ಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಒಡೆದೆ. ಎಷ್ಟು ಸಣ್ಣದು ಅವ್ವ ಅದು. ಅಲ್ಲೇ ಅಳು ಬಂತು. ನಿಲ್ಲಿಸಲು ಆಗಲಿಲ್ಲ. ವಾರ್ಡನ್ ಬಾಯಿ ಬಂದು "ಯಾಕವಾ, ಸಾರು ಖಾರ ಆಗೇತೇನು?" ಎಂದರು. ಹೌದು ಎಂದೆ. ಅವತ್ತಿನಿಂದ ಇಡೀ ಹಾಸ್ಟೆಲ್ಲಿಗೆ ಸಪ್ಪೆ ಸಾರು. ಹುಡುಗಿಯರು ನನಗೆ ಹಿಡಿಶಾಪ ಹಾಕುತ್ತಿದ್ದಾರೆ.

ಸುಳ್ಳು ಬರೆಯದಿದ್ದದ್ದು ಒಳ್ಳೆಯದಾಯಿತು. ಯಾರದೋ ಜಡೆ ತೋರಿಸಿದ್ದರೆ ನಂಬುತ್ತಿದ್ದೆ, ಅದನ್ನು ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಮಾರ್ಚಿನಲ್ಲಿ ಪರೀಕ್ಷೆ ಮುಗಿಯುತ್ತದೆ. ಆದರೆ ಎರಡನೇ ವರ್ಷದ ಪಾಠ ಕೂಡಲೇ ಶುರುವಂತೆ. ಯುಗಾದಿಗೆ ಮೂರು ದಿನ ಬಿಡುತ್ತಾರೆ, ಬರುತ್ತೇನೆ. ಬಸ್ ಸ್ಟ್ಯಾಂಡಿಗೆ ಬರಬೇಡ. ಸಾಹುಕಾರನನ್ನು ನನಗೆ ತೋರಿಸಲು ಹೋಗಬೇಡ, ಪಂಜರ ಎತ್ತಬೇಡ. ಎಷ್ಟು ದೂರದಲ್ಲಿ ನಿಲ್ಲಬೇಕೋ ನಾನೇ ನೋಡಿಕೊಳ್ಳುತ್ತೇನೆ.

ನನ್ನನ್ನೂ ಮುಟ್ಟಬೇಡ. ಅಯ್ಯೋ ಎಷ್ಟು ಸೊರಗಿದ್ದೀ ಎಂದು ತಲೆ ಸವರಬೇಡ. ಬಂದರೆ ನಾನೇ ಬರುತ್ತೇನೆ.

ಸುಕನ್ಯಾ


ಭಾಗ್ಯನಗರ
5 ಏಪ್ರಿಲ್ 2025

ಸುಕನ್ಯಾ,

ನೀನು ಬಸ್ಸು ಹತ್ತಿ ನಾಲ್ಕು ದಿನವಾಯಿತು. ನಡೆದದ್ದಕ್ಕೆಲ್ಲ ನೀನೂ ಇದ್ದೆ, ಆದರೂ ಬರೆಯುತ್ತೇನೆ. ಬರೆಯದಿದ್ದರೆ ನಡೆದೇ ಇಲ್ಲ ಎನಿಸಿಬಿಡುತ್ತದೆ ನನಗೆ.

ನೀನು ಬರುವ ದಿನ ಬಾಗಿಲು ತೆಗೆದಿಟ್ಟು ನಡುಮನೆಯಲ್ಲಿ ಬರಿಗೈಯಲ್ಲಿ ಕುಳಿತಿದ್ದೆ. ನೀನು ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟೆ. ಸಾಹುಕಾರ ಬುಸ್ ಎಂದು ಮೂಲೆಗೆ ಹೋದ. ಆರು ತಿಂಗಳಿನಿಂದ ನೀನು ಅಂಜಿಕೊಂಡಿದ್ದು ಆಗಿಹೋಯಿತು. ನೀನು ಅಡುಗೆಮನೆಗೆ ಹೋಗಿ ತಟ್ಟೆ ತೊಳೆದೆ. ಅವು ತೊಳೆದಿಟ್ಟ ತಟ್ಟೆಗಳೇ. ನನಗೆ ಎದ್ದು ಬರಬೇಕು ಎನಿಸಿತು, ಬರಲಿಲ್ಲ. ಕೈಯನ್ನು ತೊಡೆಯ ಕೆಳಗೇ ಇಟ್ಟುಕೊಂಡೆ. ನಲ್ಲಿಯ ನೀರು ನಿಂತ ಮೇಲೂ ನೀನು ಬಹಳ ಹೊತ್ತು ಅಲ್ಲೇ ಇದ್ದೆ. ಅವತ್ತು ನನ್ನ ಎದೆ ನೋಯುತ್ತಿತ್ತು. ನಿಮ್ಮಪ್ಪ ಹೋದಾಗ ನೋಯಬೇಕಾದದ್ದು ಎಲ್ಲೋ ದಾರಿ ತಪ್ಪಿ ಈಗ ಬಂದ ಹಾಗಿತ್ತು.

ಹಬ್ಬದ ದಿನ ನೀನು ಅವನಿಗೆ ಬೆನ್ನು ತಿರುಗಿಸಿ ಕುಳಿತೆ. ಬೇವು ಬೆಲ್ಲ ತಿಂದೆ, ಶಮೀನಾ ತಂದುಕೊಟ್ಟ ಶ್ಯಾವಿಗೆ ಪಾಯಸ ತಿಂದೆ, ಬೆನ್ನು ಮಾತ್ರ ತಿರುಗಿಸಲಿಲ್ಲ. ನನಗೆ ಕಾಣುತ್ತಿತ್ತು, ನಿನಗೆ ಕಾಣುತ್ತಿರಲಿಲ್ಲ. ಅವನು ಪಂಜರದ ಬಾಗಿಲಿನ ತನಕ ನಡೆದು ಬಂದು ನಿನ್ನ ಕತ್ತಿನ ಹಿಂಭಾಗವನ್ನೇ ನೋಡುತ್ತ ನಿಂತಿದ್ದ. ಜಡೆ ಇದ್ದ ಜಾಗದಲ್ಲಿ ಜಡೆ ಇಲ್ಲವಲ್ಲ ಎಂದು ಲೆಕ್ಕ ಹಾಕುತ್ತಿದ್ದನೋ ಏನೋ. ಜುಟ್ಟು ತಲೆಗೆ ಅಂಟಿಯೇ ಇತ್ತು. ನಿನಗೆ ಹೇಳಿದರೆ ತಿರುಗಿಬಿಡುತ್ತೀಯ ಎಂದು ಹೇಳಲಿಲ್ಲ.

ಕೊನೆಯ ದಿನ ಬೆಳಗ್ಗೆ ನಾನು ಅವನ ಮುಂದೆ ಕುಳಿತಿದ್ದೆ. ನೀನು ಚೀಲ ಕಟ್ಟಿ ಮುಗಿಸಿ ಬಂದು, ನನ್ನ ಮುಂದೆ ನನಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತೆ. ಬಾಚಣಿಕೆಯನ್ನು ಪಕ್ಕದಲ್ಲಿಟ್ಟೆ. ನಾನು ಮುಟ್ಟಲಿಲ್ಲ. ಅದು ನನಗಾಗಿ ಇಟ್ಟದ್ದೋ ಸುಮ್ಮನೆ ಇಟ್ಟದ್ದೋ ತಿಳಿಯಲಿಲ್ಲ. ಜೂನ್ ಹತ್ತರಂದು ನೀನು ಹೀಗೇ ತಲೆ ಕೊಟ್ಟು ಕುಳಿತಿದ್ದೆ.

"ಎಷ್ಟೊತ್ತು ಹಿಂಗ ಕುಂದರ್ಲಿ? ಬಸ್ಸು ಹೊಕ್ಕೈತಿ. ಹೆಣಿ" ಎಂದೆ ನೀನು.

ಹದಿನೆಂಟು ವರ್ಷ ಎಷ್ಟು ಸಾವಿರ ಹೆಂಗಸರ ಕೂದಲು ಈ ಕೈಯಲ್ಲಿ ಹಾದು ಹೋಗಿದೆಯೋ ಲೆಕ್ಕವಿಲ್ಲ. ಅವತ್ತು ಮೂರು ಎಳೆಯನ್ನು ಎರಡೆರಡು ಸಲ ಎಣಿಸಿ ಹಿಡಿದೆ. ನಾಲ್ಕೂ ಮುಕ್ಕಾಲು ಇಂಚು ಬೆಳೆದಿದೆ, ಪಟ್ಟಿ ಬೇಕಾಗಲಿಲ್ಲ. ಮೂರು ಹೆಣಿಗೆಗೆ ಮುಗಿದುಹೋಯಿತು. ರಿಬ್ಬನ್ ಕಟ್ಟಲು ತುದಿಯೇ ಸಿಗಲಿಲ್ಲ, ಬಿಟ್ಟ ಕೂಡಲೇ ಬಿಚ್ಚಿಕೊಂಡಿತು. ಮತ್ತೆ ಹೆಣೆದೆ. ನೀನು ಬೇಡ ಅನ್ನಲಿಲ್ಲ. ನಾನು ಅಳುತ್ತಿದ್ದುದು ನಿನಗೆ ಗೊತ್ತಾಗಿರಬೇಕು, ಕತ್ತಿನ ಮೇಲೆ ಬಿದ್ದಿತ್ತು.

ಆಗ ನೀನು ಅಲ್ಲಾಡದೆ, ಪಿಸುಮಾತಿನಲ್ಲಿ "ಅವ್ವಾ, ಜುಟ್ಟು ಎದ್ದೈತಿ, ನೋಡು" ಎಂದೆ. ಬಸ್ಸಿನ ಗಡಿಬಿಡಿಯಲ್ಲಿ ನಿನಗೆ ಹೇಳುವುದಾಗಲಿಲ್ಲ, ಈಗ ಹೇಳುತ್ತೇನೆ. ನಾನು ನೋಡಲಿಲ್ಲ. ನನ್ನ ಕಣ್ಣು ನಿನ್ನ ಬೈತಲೆಯ ಮೇಲಿತ್ತು.

ಓಡ್ನಿ ಇವತ್ತು ಎರಡು ಮೊಳ ದೂರದಲ್ಲಿದೆ. ಅದಕ್ಕಿಂತ ಹತ್ತಿರ ತಂದರೆ ಇನ್ನೂ ಅಂಜುತ್ತಾನೆ.

ನಿನ್ನ ಅವ್ವ,
ಮಲ್ಲೇಶ್ವರಿ